ಊದಬೇಡಕ್ಕನ ಒಂದು ಉಸಿರು

ಬೆಳಕು ಹರಿಯುವ ಹೊತ್ತು. ಹ್ಯಾಂಗರ್‌ನಲ್ಲಿ ಏಣಿಯ ತುದಿಗೆ ನಿಂತ ಹೆಂಗಸೊಬ್ಬರು ವಿಮಾನದ ಬಾಲದೊಳಗೆ ತಲೆ ತೂರಿಸಿ, ನಿನ್ನೆ ತಾವೇ ಹಾಕಿದ ಮುಚ್ಚಳವನ್ನು ಬಿಚ್ಚುತ್ತಿದ್ದಾರೆ. ಕೆಳಗೆ, ಅವರ ಕುರಿತು ಬರೆಯಲು ಬಂದ ನನ್ನ ಪಕ್ಕದಲ್ಲಿ, ಮೇಲ್ವಿಚಾರಕರು ಗಡಿಯಾರ ನೋಡುತ್ತಿದ್ದಾರೆ. ಇವತ್ತು ಈ ವಿಮಾನದ ಮೊದಲ ಹಾರಾಟ.

ಇವರನ್ನು ಎಲ್ಲರೂ ಕರೆಯುವುದು ‘ಊದಬೇಡಕ್ಕ’ ಎಂದು. ಪೈಲಟ್ ಹಿಡಿಕೆ ಎಳೆದರೆ ಆ ಅಪ್ಪಣೆ ಬಾಲಕ್ಕೆ ತಲುಪುವುದು ಇಲ್ಲಿ ತಾಮ್ರದ ತಂತಿಯಿಂದಲ್ಲ, ಕೂದಲೆಳೆಯಂಥ ಗಾಜಿನೊಳಗೆ ಓಡುವ ಬೆಳಕಿನಿಂದ. ಎಳೆಗೆ ಎಳೆ ಕೂಡುವ ಕಡೆ ಧೂಳಿನ ಕಣ ಕೂತರೂ ಬೆಳಕು ಮುಗ್ಗರಿಸುತ್ತದೆ. ಊದುವುದೋ ನಮ್ಮ ಹುಟ್ಟುಗುಣ. ಬಿಸಿ ಆರಲೆಂದೂ ಊದುತ್ತೇವೆ, ಕೆಂಡ ಹೊತ್ತಲೆಂದೂ ಊದುತ್ತೇವೆ. ಗಾಜಿನ ತುದಿಗೆ ಊದಿದರೆ ಮಾತ್ರ ಎಂಜಲು ಅಂಟುತ್ತದೆ. ಹೊಸಬರು ತುಟಿ ಮುಂದೆ ಮಾಡಿದರೆ ಸಾಕು, ಹಿಂದಿನಿಂದ ದನಿ: "ಊದಬೇಡ."

ಮೊದಲು ಕನ್ನಡಕದಂಗಡಿಯ ಹಿಂಗೋಣೆಯಲ್ಲಿ ಗಾಜು ಉಜ್ಜುತ್ತಿದ್ದರು. ಅಂಗಡಿ ಮುಚ್ಚಿದಾಗ ಮಗಳು ತೊಟ್ಟಿಲಲ್ಲಿ, ಗಂಡ ಕೆಲಸವಿಲ್ಲದೆ ಮನೆಯಲ್ಲಿ. ಇಲ್ಲಿಗೆ ಬಂದವರು ಬಗ್ಗಿಸಿದ ಕತ್ತು ಎತ್ತಲಿಲ್ಲ. ಈಗ ಆ ಕತ್ತು ದಿಂಬನ್ನೂ ಒಲ್ಲೆ ಎನ್ನುತ್ತದೆ.

"ಮನೇಲಿ ಕಾಫೀನೂ ಊದಿ ಕುಡಿಯಲ್ಲ ನನ್ನ ಸೊಸೆ," ಎನ್ನುತ್ತಾರೆ ಅತ್ತೆ. "ಆರೋವರೆಗೂ ಅದರ ಮುಖ ನೋಡ್ತಾ ಕೂತಿರ್ತಾಳೆ. ನನ್ನ ಮಗನ ಮುಖಾನೂ ಅಷ್ಟು ನೋಡಿದ್ದು ಕಾಣೆ."

ಅಂಥವರು ನಿನ್ನೆ, ಸೂಕ್ಷ್ಮದರ್ಶಕದಲ್ಲಿ ನೋಡಿ ಮುಗಿಸಿದ ಕೊನೆಯ ತುದಿಯನ್ನು ಜೋಡಿಸುವ ಮುನ್ನ, ಊದಿಬಿಟ್ಟಿರಬೇಕು. ಗುಮಾನಿ ಅವರಿಗೇ ಹುಟ್ಟಿದ್ದು ಮನೆಯಲ್ಲಿ, ಬಟ್ಟೆ ಮಡಚುವಾಗ. ಯಾರೂ ಕಂಡಿಲ್ಲ. ಪರೀಕ್ಷೆಯಲ್ಲಿ ಬೆಳಕು ಸಲೀಸಾಗಿ ಹಾದಿದೆ. ಆದರೂ ಬೆಳಗಾಗುವ ಮೊದಲೇ ಬಂದು ತಾವೇ ಹೇಳಿದ್ದಾರೆ.

"ಬೆಳಕಿಗೆ ಇನ್ನೂ ಮೂರು ದಾರಿ ಇದಾವಲ್ಲಮ್ಮ, ಒಂದು ಕೆಟ್ರೆ ಇನ್ನೊಂದು," ಎನ್ನುತ್ತಾರೆ ಮೇಲ್ವಿಚಾರಕರು.

"ಅವು ಇರೋದು ಹಾರೋ ಹುಡುಗನಿಗೆ ಸರ್, ನನಗಲ್ಲ. ಕಲೆ ಈಗ ಅಂಚಲ್ಲಿರಬಹುದು. ಮೇಲೆ ಹಾರುವಾಗ ನಡುಕಕ್ಕೆ ಬೆಳಕು ಹಾಯೋ ನಡುವಿಗೆ ಸರಿದ್ರೆ?"

ಚಕ್ರದ ಬಳಿ ಯಾರೋ ನಗುತ್ತಾರೆ. "ಊದಬೇಡಕ್ಕನೇ ಊದಿದ್ರಂತೆ. ಇನ್ಮೇಲೆ ನಮಗೂ ಮಾಫಿ."

"ನಗಿ," ಎನ್ನುತ್ತಾರೆ ಊದಬೇಡಕ್ಕ ಏಣಿಯ ಮೇಲಿಂದ. "ಆ ಕಡೆ ತಿರುಗಿ ನಗಿ."

ತುದಿ ಬಿಚ್ಚಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ. ಆಮೇಲೆ, "ಇದೆ," ಎನ್ನುತ್ತಾರೆ. ನಗು ನಿಲ್ಲುತ್ತದೆ.

ಒರೆಸಿ, ನೋಡಿ, ಉಸಿರು ಕಟ್ಟಿ ಜೋಡಿಸುತ್ತಾರೆ. ಏಣಿಯ ಬುಡದಲ್ಲಿ ಕಾದಿದ್ದ ಪೈಲಟ್ ಕೇಳುತ್ತಾನೆ, "ಈಗ ಹೋಗ್ಲಾ ಅಕ್ಕಾ?"

"ಹೋಗಿ ಬಾಪ್ಪ."

ಎಲ್ಲರೂ ನೋಡಲು ಹೊರಗೆ ಓಡುತ್ತಾರೆ. ಇವರು ಏಣಿಯ ಕೆಳಮೆಟ್ಟಿಲ ಮೇಲೆ ಕೂರುತ್ತಾರೆ, ಕೈಯಲ್ಲಿ ಹಬೆಯಾಡುವ ಲೋಟ. ಸದ್ದು ಮೇಲೇರಿ ದೂರವಾಗುತ್ತದೆ. ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

"ಆ ಹುಡುಗ ಇಳೀಲಿ," ಎನ್ನುತ್ತಾರೆ. "ಇವತ್ತು ಕಾಫಿ ಊದ್ಕೊಂಡು ಕುಡೀತೀನಿ."