ಎಂಟನೆಯ ಪ್ಯೂಟರ್ ಬಟ್ಟಲು

ವಿಜಯಾ ಭಾನುವಾರ ಮಧ್ಯಾಹ್ನ ತೀರಿಕೊಂಡಳು. ಹೃದಯಾಘಾತ. ೨೦೦೭ರ ಮಾರ್ಚ್, ವಯಸ್ಸು ಐವತ್ತೆರಡು.

ಹಾಸನದವಳು. ಅಮೆರಿಕದ ನ್ಯೂಕ್ಯಾಸಲ್‌ನಲ್ಲಿ ನಮ್ಮ ಪಕ್ಕದ ಮನೆ. ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವಳ ಕೆಲಸ. ಶನಿವಾರ ಬಂತೆಂದರೆ ನನ್ನನ್ನು ಕಾರಿಗೆ ಹತ್ತಿಸಿಕೊಂಡು ಶೋರ್‌ಲೈನ್ ಎಂಬ ಊರಿನ ಕಡೆ ಹೊರಡುತ್ತಿದ್ದಳು. ಅಲ್ಲಿ ತೀರಿಹೋದವರ ಮನೆಸಾಮಾನಿಗೆ ಬೆಲೆಚೀಟಿ ಅಂಟಿಸಿ ಮನೆಯಲ್ಲೇ ಮಾರುತ್ತಾರೆ. ಅವಳ ಕಣ್ಣು ಪ್ಯೂಟರ್ ಮೇಲೆ. ತವರಕ್ಕೆ ಬೇರೆ ಲೋಹ ಬೆರೆಸಿ ಎರಕ ಹೊಯ್ದ, ಮಬ್ಬು ಬೂದು ಬಣ್ಣದ ತಟ್ಟೆ, ಲೋಟ, ಬಟ್ಟಲುಗಳು. ಪಿಂಗಾಣಿ ಅಗ್ಗವಾಗುವ ಮೊದಲು ಜನ ಗಂಜಿ ಕುಡಿದದ್ದು, ಮಾಂಸ ಕೊಯ್ದದ್ದು ಇವುಗಳಲ್ಲೇ. ತಟ್ಟೆಗಳ ತುಂಬ ಚಾಕುವಿನ ಗೀರು. "ನಮ್ಮಮ್ಮ ಸಾರಿಗಿಡ್ತಿದ್ದ ಈಯದ ಪಾತ್ರೆ ಥರಾನೇ ಇದೆ ಕಣೆ," ಎನ್ನುತ್ತಿದ್ದಳು.

ಗೆಳೆಯರ ಮಕ್ಕಳ ಅನ್ನಪ್ರಾಶನಕ್ಕೆ ಅವಳ ಉಡುಗೊರೆ ಹಳೆಯ ಪ್ಯೂಟರ್ ಬಟ್ಟಲು. ಊರಿನಲ್ಲಿ ಪಾತ್ರೆಗೆ ಹೆಸರು ಹಾಕಿಸುವಂತೆ, ತಳದಲ್ಲಿ ಮಗುವಿನ ಹೆಸರನ್ನು ಮೊಳೆಯಿಂದ ತಾನೇ ಕೆತ್ತುತ್ತಿದ್ದಳು. ಎಂಟು ಮನೆಗೆ ಕೊಟ್ಟಿದ್ದಳು.

ಸಾಯುವುದಕ್ಕೆ ಮೂರು ವಾರ ಮೊದಲು, ಕಿಟಕಿಯ ಹಳೆ ಬಣ್ಣದಲ್ಲಿ ಸೀಸವಿದೆಯೇ ಎಂದು ನೋಡಲು ಪರೀಕ್ಷೆಯ ಕಡ್ಡಿಗಳನ್ನು ತಂದಳು. ಉಳಿದ ಒಂದನ್ನು ಸುಮ್ಮನೆ ತನ್ನ ಪ್ಯೂಟರ್ ಲೋಟಕ್ಕೆ ಉಜ್ಜಿದಳು. ಕಡ್ಡಿ ಕೆಂಪಾಯಿತು, ಸೀಸವಿದೆ ಎಂಬ ಗುರುತು.

ಕೊಟ್ಟದ್ದನ್ನು ವಾಪಸು ಕೇಳುವುದು ಹೇಗೆ? ಪಾಲಿಶ್ ಮಾಡಿಸಿ ಕೊಡುತ್ತೇನೆಂದು ಸುಳ್ಳು ಹೇಳಿ ಏಳು ಬಟ್ಟಲು ತಂದಳು. ಏಳೂ ಶೋಕೇಸಿನಲ್ಲೇ ಇದ್ದವು, ಯಾರೂ ಬಳಸಿರಲಿಲ್ಲ. ಎಂಟನೆಯದು ಟೋಟೆಮ್ ಲೇಕ್ ಬಡಾವಣೆಯ ಮನೆಯಲ್ಲಿ, ಎರಡು ವರ್ಷದ ನಿಸರ್ಗಳಿಗೆ ಅಜ್ಜಿ ಸುಮಿತ್ರಮ್ಮ ಊಟ ಮಾಡಿಸುವ ಬಟ್ಟಲು.

"ಪಾಲಿಶ್ ಯಾಕಮ್ಮ? ದಿನಾ ಹುಣಸೆಹಣ್ಣು ಹಾಕಿ ನಾನೇ ತಿಕ್ತೀನಿ. ಸಾರನ್ನ ಇದರಲ್ಲೇ ಕಲಸ್ಬೇಕು, ಇಲ್ದಿದ್ರೆ ನಮ್ಮ ರಾಣಿ ಬಾಯೇ ಬಿಡಲ್ಲ. ಕೊಟ್ಟು ಕಿತ್ಕೊಳ್ತೀಯಲ್ಲ, ಎಂಥ ಆಂಟಿನೇ ನೀನು!" ಸುಮಿತ್ರಮ್ಮ ನಕ್ಕರು.

ವಿಜಯಾ ನಗಲಿಲ್ಲ. "ಅದರಲ್ಲಿ ಸೀಸ ಇದೆ, ಸುಮಿತ್ರಮ್ಮ. ಹುಳಿ ತಾಗಿದ್ರೆ ಬಿಡುತ್ತೆ. ನಾನು ವಿಚಾರಿಸದೆ ಕೊಟ್ಬಿಟ್ಟೆ. ಮಗೂಗೆ ಬ್ಲಡ್ ಟೆಸ್ಟ್ ಮಾಡಿಸ್ಬೇಕು."

ಸುಮಿತ್ರಮ್ಮ ಬಟ್ಟಲನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ನಾವು ಅದನ್ನು ಎತ್ತಿಕೊಂಡು ಹೊರಟಾಗಲೂ ಬರಲಿಲ್ಲ.

ಹತ್ತು ದಿನ ವಿಜಯಾ ಫೋನನ್ನು ಕೈಯಿಂದ ಬಿಡಲಿಲ್ಲ. ಶನಿವಾರ ಸಂಜೆ ಸುಮಿತ್ರಮ್ಮನೇ ಕಾಲ್ ಮಾಡಿದರು. "ಸ್ವಲ್ಪ ಜಾಸ್ತಿ ಇದೆಯಂತೆ. ಔಷಧಿ ಬೇಡ, ತಾನೇ ಇಳಿಯುತ್ತೆ ಅಂದ್ರು. ನಾಳಿದ್ದು ಊಟಕ್ಕೆ ಬಾರೆ. ಸ್ಟೀಲ್ ತಟ್ಟೇಲಿ ಹಾಕ್ತೀನಿ."

ಮರುದಿನ, ಆ ಭಾನುವಾರ ಬೆಳಿಗ್ಗೆ, ಗ್ಯಾರೇಜಿನಲ್ಲಿ ಎಂಟೂ ಬಟ್ಟಲುಗಳನ್ನು ಕವುಚಿಟ್ಟಿದ್ದಳು. ಇನ್ನು ಯಾರೂ ಅವುಗಳಲ್ಲಿ ಉಣ್ಣಬಾರದೆಂದು ಒಂದೊಂದರ ತಳಕ್ಕೂ ತೂತು ಕೊರೆದಳು. ಕೊನೆಯದನ್ನು ನಾನು ಹಿಡಿದುಕೊಂಡೆ. ನಿಸರ್ಗ ಎಂಬ ಅಕ್ಷರಗಳಿಂದ ಒಂದು ಬೆರಳು ದೂರ ಬಿಟ್ಟು ಅವಳು ಡ್ರಿಲ್ ಒತ್ತಿದಳು.