ಇಮ್ದಾದನ ಮೂವತ್ತೊಂಬತ್ತು ನಿಮಿಷ

ಟಕ್. ಸ್ವಲ್ಪ ತಡೆದು ಮತ್ತೆ ಟಕ್. ಇಮ್ದಾದ್ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟು ಎರಡು ಸಲ ಕೇಳಿದ. ಮೂರನೆಯದಕ್ಕೆ ಕಾಯದೆ ಆರಿಸಿಬಿಟ್ಟ.

"ಹಾರ್ಡ್ ಡಿಸ್ಕ್ ಹೋಗೈತೆ ಕಣಕ್ಕ."

ಅವನ ರಿಪೇರಿ ಅಂಗಡಿಯಲ್ಲಿ ಎದುರಿಗೆ ನಿಂತಿದ್ದವಳು ದಂಡಿನಶಿವರದ ಗಂಗಲಕ್ಷ್ಮಿ. ಪಕ್ಕದ ಸ್ಟೂಲಿನ ಮೇಲೆ ಟವೆಲ್ಲನ್ನು ಹೆಗಲಿನಿಂದ ತೊಡೆಗೆ, ತೊಡೆಯಿಂದ ಹೆಗಲಿಗೆ ಬದಲಿಸುತ್ತ ಕೂತಿದ್ದವನು ಅವಳ ಅಪ್ಪ ಗಿಡ್ಡಯ್ಯ. ನುಸಿ ಬಂದು ಸುತ್ತಲಿನ ತೆಂಗಿನ ತೋಟಗಳ ಕಾಯೆಲ್ಲ ಸುಕ್ಕಿಹೋದ ವರ್ಷಗಳಲ್ಲಿ, ನುಸಿಗೆ ಜಗ್ಗದ ಮರಗಳನ್ನು ಗುರುತು ಹಾಕಿಕೊಂಡು, ಅವುಗಳ ಕಾಯಿಂದಲೇ ಸಸಿ ಮಾಡಿ ಮಾರುತ್ತಿದ್ದರು ಇಬ್ಬರೂ. ಅರವತ್ತು ಸಸಿಮಡಿ. ಪ್ರತಿ ಮಡಿಯ ತಲೆಗೂ ನೆಟ್ಟ ತಗಡಿನಲ್ಲಿ ಬರೀ ನಂಬರು. ಯಾವ ನಂಬರಿನ ಮಡಿಯಲ್ಲಿ ಯಾವ ಮರದ ಕಾಯಿ ಮೊಳೆತಿದೆ ಎಂಬ ಪಟ್ಟಿ ಇದ್ದದ್ದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದು ಹೋದರೆ, ಇದು ಇಂಥ ಮರದ ಸಸಿ ಎಂದು ಯಾರ ಕೈಗೂ ಕೊಡುವಂತಿರಲಿಲ್ಲ.

"ಮರ ನಂಗೊತ್ತು," ಎಂದ ಗಿಡ್ಡಯ್ಯ. "ಮಡಿ ಗೊತ್ತಿಲ್ಲ."

"ಹೊಸಾದು ಹಾಕಿದ್ರೆ ಪಟ್ಟಿ ಬತ್ತದಾ ಅಣ್ಣ?" ಎಂದಳು ಮಗಳು.

"ಹೊಸ ಡಿಸ್ಕು ಖಾಲಿ ಮನೆ ಅಕ್ಕ. ಮೊದ್ಲು ವಿಂಡೋಸ್ ಹಾಕ್ಬೇಕು. ಆಮೇಲೆ ಹಳೇದನ್ನ ಹೊರಗಿಂದ ತಗಲಾಕಿ ನೋಡನ. ತಣ್ಣಗೆ ಇಟ್ರೆ ಒಂದೊಂದು ಡಿಸ್ಕು ಐದು ನಿಮಿಷ ಕಣ್ಣು ಬಿಡ್ತದೆ. ಬಿಡ್ದೇನೂ ಇರ್ತದೆ."

ಅದು ಎರಡು ಸಾವಿರದ ಏಳನೆಯ ಇಸವಿ. ತಿಪಟೂರಿನಲ್ಲಿ ದಿನಾ ಮಧ್ಯಾಹ್ನ ಎರಡು ಗಂಟೆಗೆ ಕರೆಂಟು ಹೋಗುತ್ತಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಎರಡರೊಳಗೆ ಕೆಲಸ ಮುಗಿಯಬೇಕಿತ್ತು. ಗಂಗಲಕ್ಷ್ಮಿ ಸಸಿ ತುಂಬುವ ಪ್ಲಾಸ್ಟಿಕ್ ಚೀಲ ತರಲು ಪೇಟೆಗೆ ಹೋದಳು. ಇಮ್ದಾದ್ ಹಳೆಯ ಡಿಸ್ಕನ್ನು ಕವರಿನಲ್ಲಿ ಸುತ್ತಿ ಕುಡಿಯುವ ನೀರಿನ ಮಡಕೆಗೆ ಆನಿಸಿಟ್ಟ. ಹೊಸದನ್ನು ಕೂರಿಸಿ ಸ್ಕ್ರೂ ಬಿಗಿದ, ಸೀಡಿ ಹಾಕಿದ. ಪರದೆಯಲ್ಲಿ ಹಳದಿ ಗೆರೆ ತೆವಳಿ ತೆವಳಿ ಮುಗಿದು, ಎಡಕ್ಕೆ ಅಕ್ಷರ ಮೂಡಿತು: ಇನ್ನು ಮೂವತ್ತೊಂಬತ್ತು ನಿಮಿಷ.

ಇಮ್ದಾದನಿಗೆ ಆಗದ ಕೆಲಸವೆಂದರೆ ಇದೊಂದೇ, ಕೂತು ಕಾಯುವುದು. ಹದಿನಾರು ವರ್ಷದವನಾಗುವವರೆಗೆ ಪಕ್ಕದ ಅಂಗಡಿಯಲ್ಲಿ ಅಪ್ಪ ನಿಜಾಮುದ್ದೀನರ ಜೊತೆ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿದ್ದ. ಆಮೇಲೆ ಟೇಪ್‌ರೆಕಾರ್ಡರು, ಆಮೇಲೆ ತುಮಕೂರಿನಲ್ಲಿ ಆರು ತಿಂಗಳು ಕಂಪ್ಯೂಟರು. ನಿಕಾಹ್ ದಿನ ಮೈಕ್ ಸೆಟ್ ಗೊರಗೊರ ಅಂದಿತೆಂದು ಎದ್ದುಹೋಗಿದ್ದವನನ್ನು ಹುಡುಕಿ ತಂದು ಕೂರಿಸಿದ್ದರಂತೆ. ಹೆಂಡತಿ ತರನ್ನುಮ್ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. ಯಾರ ಮಾತನ್ನೂ ಕೊನೆಯವರೆಗೆ ಕೇಳಿದವನಲ್ಲ, ತನ್ನದನ್ನೂ ಮುಗಿಸಿದವನಲ್ಲ. ಆದರೆ ಗಿರಾಕಿ ಕೇಳಿದರೆ ಆದದ್ದನ್ನು ಆದಂತೆಯೇ ಹೇಳಿಬಿಡುವ ಬಾಯಿ.

ಪರದೆ ಮೂವತ್ತೇಳು ನಿಮಿಷಕ್ಕೆ ಇಳಿಯುತ್ತಲೇ ಎದ್ದ. ಅಪ್ಪನ ಅಂಗಡಿಗೆ ಹೋಗಿ ನಿಂತ.

"ನಾನು ತಂತಿ ಸುತ್ತೋನು, ನನ್ನ ಮಗ ಬೀದಿ ಸುತ್ತೋನು," ಎಂದರು ನಿಜಾಮುದ್ದೀನ್, ತಲೆ ಎತ್ತದೆ.

ಅಲ್ಲಿಂದ ಮೂಲೆಯ ಟೀ ಅಂಗಡಿ, ಅಲ್ಲಿಂದ ಬಸ್ ನಿಲ್ದಾಣದ ಗಡಿಯಾರ. ಹನ್ನೆರಡೂವರೆ ದಾಟಿತ್ತು. ಓಡಿಕೊಂಡು ಬಂದರೆ ಪರದೆ ಮೂವತ್ಮೂರರಲ್ಲಿ ನಿಂತಿದೆ. ಯಾವ ದೇಶ, ಯಾವ ಭಾಷೆ ಎಂದು ಕೇಳಿ ಉತ್ತರಕ್ಕೆ ಕಾದಿದೆ. ಎಷ್ಟು ಹೊತ್ತಿನಿಂದಲೋ.

"ಹೇಳೋದಲ್ವಾ ಯಜಮಾನ್ರೇ!"

"ಏನೋ ಕೇಳ್ತಾ ಐತೆ ಅಂತ ಕಂಡೆ. ಮುಟ್ಲಿಲ್ಲ ಕಣಪ್ಪ." ಗಿಡ್ಡಯ್ಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಒಂದ್ಸಲಿ ಮುಟ್ಟಿದ್ದೇ ಸಾಕಾಗೈತೆ."

ಇಮ್ದಾದನ ಬೆರಳು ಗುಂಡಿಗಳ ಮೇಲೆ ನಿಂತಿತು.

"ಮೊನ್ನೆ ಇವ್ಳು ಇದನ್ನ ಮಂಚದ ಮೇಲೆ ಬುಟ್ಟು ಹಾಲು ಕರಿಯಾಕೆ ಹೋಗಿದ್ಲು. ಒಳಗೆ ಏನೋ ಗುಂಯ್ ಅಂತಿತ್ತು. ಎತ್ತಿ ಕಿವಿ ತಾವ ಹಿಡ್ದು ಎರಡು ಸಲಿ ಅಲ್ಲಾಡ್ಸಿದೆ."

"ಅಟ್ಟದ ಕಾಯಿ ಅಲ್ಲಾಡ್ಸಿದಂಗೆ?"

"ಅಂಗೇ." ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿಯ ಬಳಿ ಒಮ್ಮೆ ಅಲ್ಲಾಡಿಸಿದರೆ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ ಕೈ ಅದು. "ಐವತ್ತು ವರ್ಷದ ಚಾಳಿ ಕಣಪ್ಪ, ಕೈ ತಾನೇ ಹೋಯ್ತು. ಅವತ್ತಿಂದ ಟಕ್ ಅಂತೈತೆ. ಮಗೀಗೆ ಹೇಳ್ಬ್ಯಾಡ."

"ಬೈತಾರಾ?"

"ಬೈದ್ರೆ ಚೆನ್ನಾಗಿರ್ತಿತ್ತು. ಬೈಯಾಕಿಲ್ಲ ಅವ್ಳು, ಸುಮ್ಕಾಗ್ಬುಡ್ತಾಳೆ. ನಂಗದು ತಡ್ಯಾಕಾಗಲ್ಲ."

ಇಮ್ದಾದ್ ಪರದೆಯ ಕಡೆ ತಿರುಗಿದ. ದೇಶ ಆರಿಸಿದ, ಹೆಸರಿನ ಜಾಗದಲ್ಲಿ ಗಂಗಲಕ್ಷ್ಮಿ ಎಂದು ಒತ್ತಿದ. ಈ ಸಲ ಹೊರಗೆ ಹೋಗಲಿಲ್ಲ. ಅಂಗಡಿಯೊಳಗೇ ಮೂರು ಹೆಜ್ಜೆ ಆ ಕಡೆ, ಮೂರು ಹೆಜ್ಜೆ ಈ ಕಡೆ ತಿರುಗಿದ.

ಗಂಗಲಕ್ಷ್ಮಿ ಚೀಲದ ಕಟ್ಟು ಹೊತ್ತು ಬರುವಾಗ ಒಂದೂವರೆಯಾಗಿತ್ತು. ವಿಂಡೋಸ್ ಕೂತು, ಪರದೆಯ ಮೇಲೆ ಹಸಿರು ದಿಣ್ಣೆ, ನೀಲಿ ಆಕಾಶ ಬಂದಿತ್ತು. ಇಮ್ದಾದ್ ಮಡಕೆಯ ಬಳಿಯಿಂದ ಹಳೆಯ ಡಿಸ್ಕ್ ತಂದು, ಕವರು ಬಿಚ್ಚಿ ಒರೆಸಿ, ಕೇಬಲ್ಲು ಚುಚ್ಚಿದ. ಟಕ್. ಟಕ್. ಆಮೇಲೆ ಒಂದು ಸಣ್ಣ ಗುಂಯ್.

"ಎಲ್ಲೈತೆ ಬೇಗ ಹೇಳಿ!"

ಅವಳು ಬೆರಳಿಟ್ಟು ತೋರಿಸಿದಳು. ಮಡಿಗೊಂದರಂತೆ ಅರವತ್ತು ಫೈಲು. ಒಂದು ಬಂತು. ಹತ್ತು ಬಂತು. ಇಪ್ಪತ್ತೊಂಬತ್ತರಲ್ಲಿ ತಡೆದು ಮತ್ತೆ ಹೊರಟಿತು. ಇಮ್ದಾದ್ ಕೂತ, ಎದ್ದ, ಕೂತ. ಗಿಡ್ಡಯ್ಯ ಪರದೆಯನ್ನು ನೋಡಲಿಲ್ಲ, ಮಗಳ ಮುಖ ನೋಡುತ್ತಿದ್ದ. ಐವತ್ತೆರಡು ಬಂದ ಮೇಲೆ ಟಕ್ ಎಂದದ್ದು ಮತ್ತೆ ಗುಂಯ್ ಎನ್ನಲೇ ಇಲ್ಲ.

"ಎಂಟು ಮಡಿ ತಾನೆ," ಎಂದಳು ಗಂಗಲಕ್ಷ್ಮಿ, ಬಹಳ ಹೊತ್ತಿನ ಮೇಲೆ. "ಅವನ್ನ ಮಾರೋದು ಬ್ಯಾಡ ಕಣಪ್ಪ. ನಮ್ಮ ತೋಟಕ್ಕೇ ಹಾಕ್ಕಳನ."

ಇಮ್ದಾದ್ ಎಲ್ಲವನ್ನೂ ಒಂದು ಸೀಡಿಗೂ ಇಳಿಸಿ ಅವಳ ಕೈಗೆ ಕೊಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಫ್ಯಾನು ನಿಧಾನವಾಗಿ ನಿಂತಿತು.

"ಅಲ್ಲಾ ಅಣ್ಣ, ಚೆನ್ನಾಗೇ ಇತ್ತಲ್ಲ," ಎಂದಳು ಅವಳು, ಸೀಡಿಯನ್ನು ಸೆರಗಿನಲ್ಲಿ ಸುತ್ತುತ್ತ. "ಯಾಕೆ ಕೆಟ್ಟೋಯ್ತು? ನಾನೇನಾದ್ರೂ ತಪ್ಪು ಮಾಡಿದ್ನಾ?"

ಗಿಡ್ಡಯ್ಯನ ಟವೆಲ್ಲು ತೊಡೆಯ ಮೇಲೆಯೇ ಉಳಿಯಿತು.

"ನಿಮ್ದೇನೂ ತಪ್ಪಿಲ್ಲ ಅಕ್ಕ," ಎಂದ ಇಮ್ದಾದ್. "ಡಿಸ್ಕು ಒಳಗೆ ತಿರುಗ್ತಾ ಇರ್ತದಲ್ಲ, ಆವಾಗ ಏನಾದ್ರೂ..."

"ಏನಾದ್ರೂ?"

ಇಮ್ದಾದ್ ಎದ್ದ. ಚಪ್ಪಲಿಗೆ ಅರ್ಧ ಪಾದ ತೂರಿಸಿ ಮೆಟ್ಟಿಲಿಳಿದ.

"ಅಣ್ಣ, ಹೇಳ್ತಾ ಹೇಳ್ತಾ ಎತ್ಲಾಗ್ ಹೊಂಟ್ರಿ?"

"ಅವ್ನು ಅಂಗೇ ಕಣಮ್ಮ," ಎಂದರು ಪಕ್ಕದಂಗಡಿಯಿಂದ ನಿಜಾಮುದ್ದೀನ್. "ಯಾವತ್ತು ಮಾತು ಮುಗ್ಸವ್ನೆ?"

ಇಮ್ದಾದ್ ಟೀ ಅಂಗಡಿಯನ್ನೂ ದಾಟಿ, ಹಿಂದೆ ನೋಡದೆ, ಬಿರಬಿರನೆ ನಡೆದಿದ್ದ.