ಹಕ್ಕು ಬಿಟ್ಟ ದಿನ ನೋಡಿದ ಶಾಲೆ

ಅಪ್ಪ ತೀರಿಕೊಂಡ ಮೇಲೆ ಶಲವಡಿಯ ಹೊಲದಲ್ಲಿ ನನಗೆ ಬರಬೇಕಾದ ಪಾಲನ್ನು ಅಣ್ಣನಿಗೆ ಬಿಟ್ಟುಕೊಡಲು ನವಲಗುಂದದ ನೋಂದಣಿ ಕಚೇರಿಗೆ ಹೋಗಿದ್ದೆವು. ನಮ್ಮ ಕಡೆ ಇದು ಹೊಸದೇನಲ್ಲ. ಅಕ್ಕತಂಗಿಯರು ಸಹಿ ಮಾಡುತ್ತಾರೆ, ತವರಿನವರು ಉಡಿ ತುಂಬಿ ಕಳಿಸುತ್ತಾರೆ. ಕೊಡುತ್ತೀಯಾ ಎಂದು ಯಾರೂ ಕೇಳುವುದಿಲ್ಲ. ಯಾವಾಗ ಬರುತ್ತೀ ಎಂದು ಕೇಳುತ್ತಾರೆ.

ಸರ್ವರ್ ಕೈಕೊಟ್ಟಿತ್ತು. ಮಧ್ಯಾಹ್ನ ಬನ್ನಿ ಎಂದರು. ಸುಮ್ಮನೆ ಕೂರುವ ಜಾಯಮಾನ ಅಣ್ಣನದಲ್ಲ. ಹೆಣ್ಣುಮಕ್ಕಳು ಓದಬಾರದು ಎನ್ನುತ್ತಿದ್ದ ಕಾಲದಲ್ಲಿ ಒಬ್ಬ ವಿಧವೆ ಅವರಿಗಾಗಿಯೇ ಕಟ್ಟಿಸಿದ ಶಾಲೆ ಹತ್ತಿರದ ಹಳ್ಳಿಯಲ್ಲಿದೆ, ನೋಡೋಣ ಎಂದು ಅತ್ತಿಗೆಯನ್ನೂ ನನ್ನನ್ನೂ ಕಾರು ಹತ್ತಿಸಿದ.

ಬಾಗಿಲ ಕೀಲಿ ತೆಗೆದವರು ಅಲ್ಲಿಯೇ ಕಲಿಸಿ ನಿವೃತ್ತರಾದ ಅಕ್ಕೋರು. ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ. ಕಿಟಕಿಗಳು ಮಾತ್ರ ತೀರಾ ಎತ್ತರದಲ್ಲಿ. ದಾರಿಹೋಕರು ಒಳಗೆ ಕಲ್ಲು ಒಗೆಯುತ್ತಿದ್ದರಂತೆ, ಅದಕ್ಕೆ. ಅಣ್ಣ ಕೈಮುಗಿದ. ಅವನ ಕಣ್ಣು ನಿಜಕ್ಕೂ ತುಂಬಿ ಬಂದಿತ್ತು. ನನಗೆ ಏನೂ ಅನಿಸಲಿಲ್ಲ. ಬೆಳಿಗ್ಗೆಯಿಂದ ಹಾಗೆಯೇ ಇತ್ತು, ಹಲ್ಲು ಕೀಳಿಸುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ.

"ಎಂಥಾ ಹೆಣ್ಮಗಳು ನೋಡಬೇ ತಂಗಿ!" ಎಂದ ಅಣ್ಣ. "ಇಷ್ಟೆಲ್ಲಾ ಕಟ್ಟಾಕ ಆಕಿಗೆ ರೊಕ್ಕ ಎಲ್ಲಿಂದ ಬಂತ್ರಿ ಅಕ್ಕೋರ?"

"ಅಪ್ಪ ಆಕಿ ಹೆಸರಿಗೆ ಹೊಲಾ ಬರದುಕೊಟ್ಟಿದ್ದರಿ. ಅಪ್ಪ ಸತ್ತ ಮ್ಯಾಲೆ ಅಣ್ತಮ್ಮರು ನಮಗ ಬಿಟ್ಟುಕೊಡು ಅಂದ್ರು. ಆಕಿ ಕೊಡ್ಲಿಲ್ರಿ. ಮಾರಿ ಸಾಲಿ ಕಟ್ಟಿಸಿದ್ಲು. ಮುಂದ ಸಾಯೂತನಕ ತವರಮನಿಯವರು ಆಕಿನ್ನ ಕರೀಲಿಲ್ರಿ."

ಅತ್ತಿಗೆ ಸೆರಗು ಸರಿಮಾಡಿಕೊಂಡಳು. ಅಣ್ಣ ಗಡಿಯಾರ ನೋಡಿದ. "ನಡ್ರಿ, ಹೋಗೂಣು. ಸರ್ವರ್ ಬಂದಿರತೈತಿ."

ಬಂದಿತ್ತು. ಸ್ವಂತ ಖುಷಿಯಿಂದ ಬಿಡುತ್ತೀರಾ ಎಂದು ಅಧಿಕಾರಿ ಕೇಳಿದರು. ಇನ್ನು ಮುಂದೆಯೂ ತವರಿನ ಬಾಗಿಲು ತೆರೆದಿರಬೇಕು ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು. "ಹೌದ್ರಿ" ಎಂದೆ. ಹೇಳಿದಲ್ಲಿ ಹೆಬ್ಬೆರಳಿಟ್ಟೆ, ಹೇಳಿದಲ್ಲಿ ಸಹಿ ಮಾಡಿದೆ. ಕಚೇರಿಯ ಬೆಂಚಿನ ಮೇಲೆಯೇ ಕೂರಿಸಿ ಅತ್ತಿಗೆ ನನ್ನ ಸೆರಗಿಗೆ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಕುಬಸದ ಖಣ.

ಸಂಜೆ ಮನೆಗೆ ಬಂದು ಆ ಅಕ್ಕಿ ಆರಿಸುತ್ತ ಕುಳಿತೆ. ಎಲ್ಲಿಯ ಅಕ್ಕಿ ಎಂದು ಮಗಳು ಕೇಳಿದಳು. ಅಜ್ಜನ ಮನೆಯದು ಎಂದೆ.

"ಅಜ್ಜನ ಹೊಲದಾಗ ಅಕ್ಕಿ ಎಲ್ಲಿ ಬೆಳೀತಾರಬೇ? ಅಲ್ಲಿ ಬರೇ ಕಡ್ಲಿ, ಜ್ವಾಳ."

ಹೌದು. ಅದು ಅಂಗಡಿಯ ಅಕ್ಕಿ.